ಹಗ್ಗದ ಇನ್ನೊಂದು ತುದಿ

“ನಿನ್ನನ್ನ ಹೆತ್ತ ಹೊಟ್ಟೆಗೆ ನಾನೇ ಬೆಂಕಿ ಇಟ್ಕೋಬೇಕು. ಏಳು ಮೇಲೆ. ನನ್ನ ಮನೆ ತಟ್ಟೆ ಮುಂದೆ ಕೂರಬೇಡ.”

“ಉಣ್ಣೋಕೆ ಕೂತವರನ್ನ ಎಬ್ಬಿಸಬಾರದು ಅಂತ ನೀನೇ ಹೇಳಿಕೊಟ್ಟಿದ್ದಲ್ವೇನಮ್ಮ?”

“ಅದು ಮನುಷ್ಯರ ವಿಷಯ. ಆ ಮುದುಕ ಎಂಟು ದಿನ ಗಂಟಲಲ್ಲಿ ನೀರೂ ಇಳೀದೆ ಸತ್ತ. ನೀನು ತೊಟ್ಟಿಲಲ್ಲಿದ್ದಾಗ ಮಣ್ಣಿನ ಎತ್ತು ಮಾಡಿ ತಂದುಕೊಟ್ಟ ಕೈ ಅದು. ಆ ಕೈನೇ ಮುರಿಸಿದೆಯಲ್ಲೋ.”

ಅವನು ತುತ್ತು ನುಂಗಿ ನೀರು ಕುಡಿದ. ಕುಂಬಾರ ಮುದುಕನನ್ನು ತಾನು ಮುಟ್ಟಿಯೇ ಇಲ್ಲ ಎಂದ. ಹುಡುಗರು ಒಂದು ಸಲ ತಳ್ಳಿದರು, ಹಳೇ ಮೂಳೆ ತಡೆಯಲಿಲ್ಲ, ಅದಕ್ಕೆ ಯಾರೇನು ಮಾಡೋಕಾಗುತ್ತೆ ಎಂದ. ಮನೆ ಖಾಲಿ ಮಾಡಿ ಅಂತ ಮೂರು ಸಲ ಮರ್ಯಾದೆಯಿಂದಲೇ ಹೇಳಿದ್ದೆವು ಎಂದ. ತಾಯಿ ನಾರು ಬಡಿಯುವ ಕೊಡತಿಯನ್ನು ನೆಲಕ್ಕೆ ಕುಕ್ಕಿದಳು. ಅವಳ ಎಡ ಮಣಿಕಟ್ಟಿನ ಮೇಲೊಂದು ಹಳೆಯ ಬರೆ ಇತ್ತು. ಸಿಟ್ಟು ಬಂದಾಗ ಅದು ಕೆಂಪಗಾಗುತ್ತಿತ್ತು. ಚಿಕ್ಕಂದಿನಲ್ಲಿ ಯಾವುದೋ ತಪ್ಪಿಗೆ ಅವಳಮ್ಮ ಕಾಯಿಸಿ ಇಟ್ಟದ್ದಂತೆ. ಯಾವ ತಪ್ಪು ಎಂದು ಅವನು ಯಾವತ್ತೂ ಕೇಳಿರಲಿಲ್ಲ.

“ಇನ್ನೂ ಕೇಳಿಸ್ಕೋ,” ಎಂದ ಅವನು, ಬೇಕೆಂದೇ ದನಿ ಏರಿಸಿ. “ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಮುದುಕನ ಮಗನ ಮನೆ ಕೆಡವ್ತಾರೆ. ಒಳಗೆ ಜನ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾನು ಅಲ್ಲಿಗೆ ಹೋಗಲ್ಲ. ಇಲ್ಲೇ ನಿನ್ನ ಹತ್ತಿರ ಬಂದು ಊಟ ಮಾಡ್ತೀನಿ. ಆಗಲೂ ಏಳಿಸ್ತೀಯಾ ನೋಡೋಣ.”

ತಾಯಿ ಅವನ ಮುಖವನ್ನೇ ನೋಡಿದಳು. ಕೂಗಬಹುದು, ತಟ್ಟೆ ಎಸೆಯಬಹುದು ಎಂದುಕೊಂಡಿದ್ದ. ಅವಳು ಅದೇನನ್ನೂ ಮಾಡಲಿಲ್ಲ.

“ಬಾ,” ಎಂದಳು. “ಬಡಿಸಿ ಮುಚ್ಚಿಟ್ಟಿರ್ತೀನಿ.”

ಕೈ ತೊಳೆದು ಹೊರಗೆ ಬಂದಾಗ ಅವನಿಗೆ ಒಳಗೊಳಗೇ ನಗು. ಜಗಳದಲ್ಲಿ ಅರ್ಧ ನಿಜ, ಇನ್ನರ್ಧ ಹತ್ತು ದಿನದಿಂದ ಕೂತು ಹೊಸೆದದ್ದು. ಆ ಒಂದು ಮಾತನ್ನು ಆ ಮನೆಯಲ್ಲಿ, ಆ ಗೋಡೆಗಳ ನಡುವೆ, ಸಿಟ್ಟಿನ ಭರದಲ್ಲಿ ಬಾಯಿತಪ್ಪಿ ಬಿದ್ದಂತೆ ಬೀಳಿಸಬೇಕಿತ್ತು. ಬೀಳಿಸಿಯಾಗಿತ್ತು.

ಊರಿನಲ್ಲಿ ಅವನನ್ನು ಹಗ್ಗದಮ್ಮನ ಮಗ ಎನ್ನುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಅಣ್ಣಾ ಎನ್ನುತ್ತಿದ್ದರು. ಇಟ್ಟಿಗೆ ಭಟ್ಟಿಯ ಧಣಿಗೆ ಕುಂಬಾರರ ಕೇರಿಯ ಹನ್ನೊಂದು ಮನೆಗಳ ಕೆಳಗಿನ ಮಣ್ಣು ಬೇಕಿತ್ತು. ಬೆಣ್ಣೆಯಂಥ ಮಣ್ಣು. ಆ ಮನೆಗಳನ್ನು ಏಳಿಸುವ ಕೆಲಸ ಅವನದು. ಕೈಕೆಳಗೆ ಎಂಟು ಜನ. ಎಂಟೂ ಜನ ಕೈಮುಂದಾದವರು, ತಲೆ ಮಾತ್ರ ಅವನೊಬ್ಬನದೇ. ಬಾವಿಗೆ ಸೀಮೆಎಣ್ಣೆ ಸುರಿಸಿದ್ದ, ಒಣಗಲಿಟ್ಟ ಮಡಕೆಗಳ ಮೇಲೆ ಬಂಡಿ ಹರಿಸಿದ್ದ. ಇನ್ನೆರಡು ವಾರ ಬಿಟ್ಟಿದ್ದರೆ ಕೇರಿ ತಾನಾಗಿ ಖಾಲಿಯಾಗುತ್ತಿತ್ತು.

ಅಷ್ಟರಲ್ಲಿ ಕಂಬಳಿಯವನು ಬಂದ.

ಮೊದಲು ಸಿಕ್ಕಿಬಿದ್ದವನು ಗೂಳಿ. ಎಂಟು ಜನರಲ್ಲಿ ಎಲ್ಲರಿಗಿಂತ ದೊಡ್ಡ ಮೈ ಅವನದು. ಮುಸ್ಸಂಜೆಯಲ್ಲಿ ಕೇರಿಯ ಬಾವಿಯ ಹತ್ತಿರ ತಲೆಯಿಂದ ಮೊಣಕಾಲಿನವರೆಗೆ ಕರಿಕಂಬಳಿ ಹೊದ್ದ ಯಾರೋ ಎದುರಾದರಂತೆ. ದೊಣ್ಣೆ ಎತ್ತಿದ್ದು ಮಾತ್ರ ಗೂಳಿಗೆ ನೆನಪು. ಕಣ್ಣು ಬಿಟ್ಟಾಗ ಅವನೂ ಅವನ ಜೊತೆಗಾರನೂ ಬೆನ್ನಿಗೆ ಬೆನ್ನು ಕಟ್ಟಿಸಿಕೊಂಡು ಭಟ್ಟಿಯ ಬಾಯಿಯಲ್ಲಿ ಹಸಿ ಇಟ್ಟಿಗೆಗಳ ಹಾಗೆ ಕೂತಿದ್ದರು. ನಾಲ್ಕು ತಿಂಗಳಲ್ಲಿ ಎಂಟೂ ಜನರಿಗೆ ಸರದಿ ಬಂತು. ಯಾರೂ ಸಾಯಲಿಲ್ಲ, ಯಾರಿಗೂ ರಕ್ತ ಬರಲಿಲ್ಲ. ಬೆರಳಿನಿಂದ ಕುತ್ತಿಗೆಯ ಬುಡದಲ್ಲಿ ಒತ್ತಿದಂತಾಯಿತು, ಕೈ ಸತ್ತುಹೋಯಿತು ಎನ್ನುತ್ತಿದ್ದರು. ಊರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿತು. ಹೆದರಿದ ಊರನ್ನು ಹೇಗೂ ಆಳಬಹುದು. ನಕ್ಕ ಊರನ್ನು ಆಳುವುದು ಯಾರಪ್ಪನಿಂದಲೂ ಆಗುವುದಿಲ್ಲ.

ಧಣಿ ಕರೆಸಿ ಒಂದೇ ಮಾತು ಹೇಳಿದ್ದ. “ಒಬ್ಬ ಕಂಬಳಿಯವನನ್ನ ಹಿಡಿಯೋಕಾಗದವನು ನನ್ನ ಬಾಗಿಲು ಕಾಯೋಕೂ ಬೇಡ.”

ಆದರೆ ಅವನಿಗೊಂದು ಸಮಾಧಾನವಿತ್ತು. ಎಂಟೂ ಜನರನ್ನು ಕೆಡವಿದ ಕಂಬಳಿಯವನು ಅವನನ್ನು ಮಾತ್ರ ಮುಟ್ಟಿರಲಿಲ್ಲ. ಒಮ್ಮೆ ಭಟ್ಟಿಯ ಹೊಗೆಯಲ್ಲಿ ಇಬ್ಬರೂ ಒಂದು ತೋಳಿನಳತೆಯಲ್ಲಿ ಎದುರುಬದುರಾಗಿದ್ದರು. ಇವನು ಕತ್ತಿ ಬೀಸಿದ. ಕತ್ತಿ ಎಲ್ಲಿಗೆ ಹಾರಿತೋ ಗೊತ್ತಾಗಲಿಲ್ಲ. ಕಂಬಳಿಯವನು ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಒಂದು ಗಳಿಗೆ ನಿಂತು, ಹಿಂದೆ ಸರಿದು ಹೊಗೆಯಲ್ಲಿ ಕರಗಿಹೋದ. ಹುಡುಗರಿಗೆ ಅದನ್ನು ಹತ್ತು ಸಲ ಹೇಳಿದ್ದ. ನನ್ನ ಕಣ್ಣು ನೋಡಿ ಹೆದರಿದ ಕಣ್ರೋ.

ಹೆದರುವವನಾದರೆ ಅವನು ಮನುಷ್ಯ, ಮನುಷ್ಯನಾದರೆ ಈ ಊರಿನವನೇ. ಅವನು ಒಂದೊಂದೇ ಎಳೆ ಬಿಡಿಸುತ್ತಾ ಕೂತ. ಇಂಥ ಗರಡಿಯ ವಿದ್ಯೆ ಒಂದು ಕಾಲಕ್ಕೆ ಈ ಊರಲ್ಲೇ ಇತ್ತು. ಅವನ ತಾಯಿಯ ತಂದೆಯೇ ಗುರು. ಹೊಡೆಯದೆ ಹೊಡೆಯುವ ಮುದುಕ ಎಂದು ಹೆಸರಾಗಿದ್ದವನು. ಆದರೆ ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ, ವಿದ್ಯೆ ಅವನ ಜೊತೆಗೇ ಮಣ್ಣಾಯಿತು. ಕಲಿತ ಶಿಷ್ಯರಲ್ಲಿ ಈಗ ಬದುಕಿದ್ದವನು ಕಮ್ಮಾರನೊಬ್ಬನೇ. ಕಮ್ಮಾರ ಎಡಚ. ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತುತ್ತಿದ್ದ, ಊರೆಲ್ಲ ಕಂಡ ಸಂಗತಿ. ಹುಡುಗರ ಪೆಟ್ಟುಗಳನ್ನು ಇವನು ಒಬ್ಬೊಬ್ಬರ ಅಂಗಿ ಬಿಚ್ಚಿಸಿ ನೋಡಿದ. ಎಲ್ಲವೂ ಬಲ ಕಿವಿಯ ಕೆಳಗೆ, ಬಲ ಭುಜದ ಗುಳಿಯಲ್ಲಿ. ಎದುರು ನಿಂತು ಬಲಕ್ಕೆ ಹೊಡೆಯಬೇಕಾದರೆ ಹೊಡೆದವನ ಎಡಗೈಯೇ ಬರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

“ಅಷ್ಟು ದಪ್ಪ ಇರಲಿಲ್ಲ ಅಣ್ಣಾ,” ಎಂದು ಗೂಳಿ ಒಮ್ಮೆ ಗೊಣಗಿದ್ದ. “ಕಮ್ಮಾರ ಅಂದರೆ ಬಾಗಿಲು ತುಂಬ್ತಾನೆ.”

“ಪೆಟ್ಟು ತಿಂದು ಬಿದ್ದವನು ಅಳತೆ ಬೇರೆ ತಗೊಂಡು ಬಂದಿದ್ದಾನೆ, ದರ್ಜಿ ನೋಡು,” ಎಂದು ಇವನು ಬಾಯಿ ಮುಚ್ಚಿಸಿದ್ದ.

ಇನ್ನೂ ಒಂದು ಸಾಕ್ಷಿ ಇತ್ತು, ಅವನು ಬಹಳ ಮೆಚ್ಚಿಕೊಂಡ ಸಾಕ್ಷಿ. ಭಟ್ಟಿಯಲ್ಲಿ ಆಡಿದ ಮಾತು ಯಾವತ್ತೂ ಹೊರಗೆ ಹೋಗಿರಲಿಲ್ಲ. ತಾಯಿಯ ಮನೆಯಲ್ಲಿ ಉಣ್ಣುತ್ತಾ ಬಾಯಿಬಿಟ್ಟದ್ದು ಮಾತ್ರ ಪ್ರತಿಸಲವೂ ಕಂಬಳಿಯವನಿಗೆ ಮುಟ್ಟುತ್ತಿತ್ತು. ಆ ಮನೆಗೆ ದಿನಾ ಬರುತ್ತಿದ್ದವಳು ಕಮ್ಮಾರನ ಹೆಂಡತಿ, ನಾರು ಬಡಿಯಲು. ತಾಯಿ ಪಾಪ, ಹೊಟ್ಟೆಯಲ್ಲಿ ಮಾತು ನಿಲ್ಲದವಳು, ಅವಳ ಹತ್ತಿರ ಹೇಳಿಕೊಂಡು ಅಳುತ್ತಿರಬೇಕು. ಅವಳಿಂದ ಗಂಡನಿಗೆ. ಇದನ್ನು ಕಂಡುಕೊಂಡ ದಿನ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ತಾಯಿಯ ಮೇಲೆ ಸಿಟ್ಟೂ ಬರಲಿಲ್ಲ. ಹೆಂಗಸು, ಅದರಲ್ಲೂ ಅರವತ್ತರ ಹೆಂಗಸು, ಇನ್ನೇನು ಮಾಡೀತು.

ಕಮ್ಮಾರನನ್ನು ಹಗಲಿನಲ್ಲಿ ಹೊಡೆದುಹಾಕಿದರೆ ಊರು ಎದ್ದು ನಿಲ್ಲುತ್ತದೆ, ಪೊಲೀಸರು ಬರುತ್ತಾರೆ, ಧಣಿ ಕೈತೊಳೆದುಕೊಳ್ಳುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನ ಕಣ್ಣು ಹಳೇ ಗುಂಡಿಯ ಮೇಲೆ ಬಿತ್ತು.

ಊರಿಗೂ ಕುಂಬಾರರ ಕೇರಿಗೂ ನಡುವೆ ಮಣ್ಣು ತೆಗೆದು ತೆಗೆದು ಆದ ಗುಂಡಿ ಅದು. ನಾಲ್ಕಾಳು ಆಳ, ತಳದಲ್ಲಿ ಒಡೆದ ಇಟ್ಟಿಗೆಯ ರಾಶಿ. ಸುತ್ತಿ ಹೋದರೆ ಅರ್ಧ ಗಂಟೆಯ ದಾರಿ. ನೇರ ಹೋಗಬೇಕೆಂದರೆ ಹಲಗೆಯ ಕಾಲುಸೇತುವೆ. ಎರಡು ದಡದ ಗೂಟಗಳಿಗೆ ಹಗ್ಗ ಬಿಗಿದು ಅದರ ಮೇಲೆ ಹಲಗೆ ಹಾಸಿದ್ದು. ಕೇರಿಯಲ್ಲಿ ಕೂಗೆದ್ದರೆ ಕಂಬಳಿಯವನು ಪ್ರತಿಸಲವೂ ಆ ಸೇತುವೆಯ ಮೇಲೆ ಓಡಿಬಂದಿದ್ದ. ನಿಧಾನಕ್ಕೆ ನಡೆದರೆ ತಡೆಯುವಷ್ಟು, ಒಬ್ಬ ಓಡಿದರೆ ಹರಿಯುವಷ್ಟು ಹಗ್ಗ ಸವೆದಿದ್ದರೆ ಸಾಕು. ಬಿದ್ದದ್ದು ಆಕಸ್ಮಿಕ, ಸತ್ತದ್ದು ಹಣೆಬರಹ. ಮಾರನೇ ದಿನ ಕಂಬಳಿ ಸರಿಸಿ ಮುಖ ನೋಡಿದ ಊರು ಅತ್ತು ಮನೆಗೆ ಹೋಗುತ್ತದೆ. ಅದಾದ ಮೇಲೆ ಕೇರಿ ಖಾಲಿ.

ಗುರುವಾರ ನಡುಮಧ್ಯಾಹ್ನ ಊರು ಊಟ ಮಾಡಿ ಅಡ್ಡಾಗಿದ್ದಾಗ ಅವನೂ ಗೂಳಿಯೂ ಸೇತುವೆಯ ಕೆಳಗಿಳಿದರು. ಗೂಳಿ ಕತ್ತಿ ತೆಗೆದ. ಅವನು ಬೇಡವೆಂದ. ಕತ್ತಿ ತಾಗಿದ ಹಗ್ಗ ಬಾಯಿಬಿಟ್ಟು ಸಾಕ್ಷಿ ಹೇಳುತ್ತದೆ. ಪುರಿ ಬಿಚ್ಚಿ, ಒಳಗಿನ ಎಳೆಗಳನ್ನು ಒಂದೊಂದಾಗಿ ಉಜ್ಜಿ ಕಿತ್ತು, ಮತ್ತೆ ಮೇಲಿನ ಎಳೆಯನ್ನು ಮುಚ್ಚಿ ಹೊಸೆದುಬಿಡಬೇಕು. ಮೇಲಿಂದ ನೋಡಿದರೆ ಗಟ್ಟಿ, ಒಳಗೆ ಜೊಳ್ಳು. ಗೂಳಿ ಹಗ್ಗವನ್ನು ಹಿಡಿದು ತಿರುಚಿದ. ಅದು ಬಿಚ್ಚುವ ಬದಲು ಇನ್ನಷ್ಟು ಬಿಗಿಯಾಯಿತು. ಮತ್ತೆ ತಿರುಚಿದ, ಮತ್ತೂ ಬಿಗಿಯಿತು.

“ಬಿಡೋ ಕೋಣ,” ಎಂದು ಅವನು ನಕ್ಕ. “ಅದು ನಮ್ಮಮ್ಮನ ಹಗ್ಗ. ಅದರ ದಾರಿನೇ ಬೇರೆ.” ಅವನ ಬೆರಳುಗಳು ಯೋಚಿಸದೆಯೇ ಇನ್ನೊಂದು ಕಡೆಗೆ ತಿರುಗಿದವು, ಹಗ್ಗ ಹೂವಿನ ಹಾಗೆ ಅರಳಿತು. ಅವನಿಗೆ ಅದು ಬಾಲ್ಯದ ಪಾಠ. ತಾಯಿ ಜಗುಲಿಯ ಗೂಟದ ಬಳಿ ಕೂತು ಹೊಸೆಯುವಾಗ ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದವನು ಅವನೇ. ಬಿಗಿಯಾಗಿ ಹಿಡಿ ಪುಟ್ಟಾ, ನೀನು ಬಿಟ್ಟರೆ ನಾನು ಬೀಳ್ತೀನಿ, ಎಂದು ಅವಳು ತಮಾಷೆ ಮಾಡುತ್ತಿದ್ದಳು. ಅವನು ಬೇಕೆಂದೇ ಬಿಡುತ್ತಿದ್ದ. ಅವಳು ಬಿದ್ದವಳಂತೆ ನಟಿಸುತ್ತಿದ್ದಳು.

ಆ ನೆನಪನ್ನು ಅವನು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ನಾಲ್ಕು ಗೂಟಗಳಲ್ಲಿ ಎರಡರ ಕೆಲಸ ಮುಗಿಸಿ, ಗೂಳಿಗೆ ಶುಕ್ರವಾರದ ಪಾಠ ಒಪ್ಪಿಸಿದ. ಏಳು ಜನರನ್ನು ಕರೆದುಕೊಂಡು ಸುತ್ತುದಾರಿಯಲ್ಲಿ ಕೇರಿಗೆ ಹೋಗಬೇಕು. ಕೂಗಾಡಬೇಕು, ಎರಡು ಹೆಂಚು ಒಡೆಯಬೇಕು, ಕುಂಬಾರನನ್ನು ಮುಟ್ಟಬಾರದು. ಸೇತುವೆ ಬಿದ್ದ ಸದ್ದು ಕೇಳಿದ ಕೂಡಲೇ ಬಂದ ದಾರಿಯಲ್ಲಿ ವಾಪಸು. ಸೇತುವೆಗೆ ಬೇರೆ ಯಾರಾದರೂ ಬಂದರೆ ಎಂದು ಗೂಳಿ ಕೇಳಿದ. ನಾವು ಕೂಗಾಡುವಾಗ ಕಂಬಳಿಯವನನ್ನು ಬಿಟ್ಟು ಈ ಊರಲ್ಲಿ ಯಾವ ಗಂಡಸು ಬಾಗಿಲು ತೆರೆದಿದ್ದಾನೆ ಹೇಳು ಎಂದ ಅವನು.

ತಾನು ಎಲ್ಲಿರಬೇಕು ಎಂಬುದು ಇಡೀ ಹಂಚಿಕೆಯಲ್ಲಿ ಎಲ್ಲಕ್ಕಿಂತ ಚೆಂದದ ಭಾಗ. ಅವನು ತಾಯಿಯ ಮನೆಯಲ್ಲಿ ಉಣ್ಣುತ್ತಿರುತ್ತಾನೆ. ಹಗ್ಗದಮ್ಮ ಒಂದು ಮಾತು ಹೇಳಿದರೆ ಊರಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಮಗನ ಮೇಲೆ ಎಷ್ಟು ಉರಿದುಬಿದ್ದರೂ ಸುಳ್ಳು ಹೇಳುವವಳಲ್ಲ. ಪೊಲೀಸರು ಕೇಳಿದರೆ, ಹೌದು, ನನ್ನ ಮುಂದೆಯೇ ಕೂತಿದ್ದ ಎನ್ನುತ್ತಾಳೆ. ನಿಜವನ್ನೇ ಹೇಳುವ ಸಾಕ್ಷಿ. ಇದಕ್ಕಿಂತ ಇನ್ನೇನು ಬೇಕು?

ಶುಕ್ರವಾರ ಸಂಜೆ ಕೆಂಪು ಬೆಳಕು ಇನ್ನೂ ಗೋಡೆಗಳ ಮೇಲಿದ್ದಾಗಲೇ ಅವನು ಹೊರಟ. ಕುಲುಮೆಯ ಮುಂದೆ ಹಾದುಬರುವಾಗ ನಿಧಾನಕ್ಕೆ ನಡೆದ. ಕಮ್ಮಾರ ಬಂಡಿಯ ಗಾಲಿಗೆ ಪಟ್ಟಿ ಬಡಿಯುತ್ತಿದ್ದ, ಎಡಗೈಯಿಂದ. ತಲೆ ಎತ್ತಿ ನೋಡಿ ಮತ್ತೆ ಬಡಿಯತೊಡಗಿದ. ಬಡಿ ಮಾವಾ ಬಡಿ, ಇನ್ನೆಷ್ಟು ಹೊತ್ತು, ಎಂದು ಇವನು ಮನಸ್ಸಿನಲ್ಲೇ ಅಂದುಕೊಂಡ. ಚಿಕ್ಕಂದಿನಲ್ಲಿ ಅವನಿಗೆ ಬುಗುರಿಯ ಮೊಳೆ ಮಾಡಿಕೊಟ್ಟವನೂ ಇದೇ ಕಮ್ಮಾರ. ಈ ಊರಲ್ಲಿ ಅವನಿಗೆ ಏನಾದರೊಂದು ಮಾಡಿಕೊಡದವರು ಯಾರೂ ಇರಲಿಲ್ಲ. ಅದೇ ದೊಡ್ಡ ತೊಂದರೆ.

ತಾಯಿಯ ಮನೆ ಬಾಗಿಲನ್ನು ಅಗಳಿ ಹಾಕದೆ ಬರೀ ಮುಂದಕ್ಕೆ ಎಳೆದಿತ್ತು. ಒಳಗೆ ದೀಪ ಹಚ್ಚಿತ್ತು. ಮಣೆ ಹಾಕಿತ್ತು, ತಟ್ಟೆಯಲ್ಲಿ ಬಡಿಸಿ ಮೇಲೊಂದು ತಟ್ಟೆ ಮುಚ್ಚಿತ್ತು, ಪಕ್ಕದಲ್ಲಿ ಚೊಂಬು ತುಂಬ ನೀರು. ತಾಯಿ ಇರಲಿಲ್ಲ. ಕರೆದ. ಹಿತ್ತಿಲಿಗೆ ಹೋಗಿ ನೋಡಿದ. ಅಲ್ಲಿ ನಾರಿನ ರಾಶಿ ಇತ್ತು, ಕೊಡತಿ ಇತ್ತು. ಮುನಿಸು ಇನ್ನೂ ಇಳಿದಿಲ್ಲ, ಎದುರಿಗೆ ಕೂರಬಾರದೆಂದು ನೆರೆಮನೆಗೆ ಹೋಗಿದ್ದಾಳೆ ಎಂದುಕೊಂಡ. ಸ್ವಲ್ಪ ಕಸಿವಿಸಿಯಾಯಿತು. ಸಾಕ್ಷಿಯೇ ಇಲ್ಲದ ಊಟ ಯಾತಕ್ಕೆ ಬಂತು? ಇನ್ನೇನು ಬರುತ್ತಾಳೆ, ಬಂದ ಮೇಲೆಯೇ ತಟ್ಟೆ ತೆರೆಯೋಣ, ಅವಳ ಕಣ್ಣೆದುರೇ ಉಣ್ಣೋಣ ಎಂದು ಜಗುಲಿಯಲ್ಲಿ ಕೂತ.

ಗುಂಡಿಯ ಆಚೆಯಿಂದ ಗೂಳಿಯ ಗಂಟಲು ಕೇಳಿಸಿತು. ಹೆಂಚು ಒಡೆದ ಸದ್ದು. ಒಬ್ಬ ಹೆಂಗಸಿನ ಅಳು. ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವನು ಕಿವಿಗೊಟ್ಟು ಕೇಳುತ್ತಿದ್ದುದು ಒಂದೇ ಸದ್ದನ್ನು. ಠಣ್, ಠಣ್, ಠಣ್. ಆಮೇಲೆ ಸುತ್ತಿಗೆ ನಿಂತಿತು. ಹೊರಟ, ಎಂದುಕೊಂಡ. ಕುಲುಮೆಯಿಂದ ಸೇತುವೆಗೆ ನೂರೈವತ್ತು ಹೆಜ್ಜೆ. ಎಣಿಸತೊಡಗಿದ. ಎಪ್ಪತ್ತಕ್ಕೆ ಬಂದಿರಲಿಲ್ಲ, ಹಲಗೆಗಳು ಒಟ್ಟಿಗೆ ಕಳಚಿದ ಸದ್ದು ಬಂತು. ಅದರ ಹಿಂದೆಯೇ ತಳದಲ್ಲಿ ಏನೋ ಬಿದ್ದ ಸದ್ದು, ಅಷ್ಟೇನೂ ಭಾರವಿಲ್ಲದ ಸದ್ದು. ಕೂಗು ಕೇಳಿಸಲಿಲ್ಲ.

ಅವನು ಉಸಿರು ಬಿಟ್ಟ. ಮುಗಿಯಿತು. ಆಚೆಕಡೆ ಗೂಳಿಯ ಕೂಗು ನಿಂತುಹೋಗಿತ್ತು. ಒಪ್ಪಿಸಿದ ಪಾಠವನ್ನು ತಪ್ಪಿಲ್ಲದೆ ಮುಗಿಸಿದ್ದ. ಊರಿಗೆ ಊರೇ ಉಸಿರು ಹಿಡಿದಂತಿತ್ತು. ಆ ಮೌನದಲ್ಲಿ, ಗುಂಡಿಯ ಈಚೆಯಿಂದ, ಮತ್ತೆ ಶುರುವಾಯಿತು. ಠಣ್. ಠಣ್. ಪಟ್ಟಿಯನ್ನು ಕೆಂಡದಲ್ಲಿ ಇನ್ನೊಮ್ಮೆ ಕಾಯಿಸಿಕೊಂಡು ಕಮ್ಮಾರ ಬಡಿಯುತ್ತಿದ್ದ.

ಅವನಿಗೆ ಮೊದಲು ಸಿಟ್ಟು ಬಂತು, ಲೆಕ್ಕ ತಪ್ಪಿದವನ ಸಿಟ್ಟು. ಹಾಗಾದರೆ ಬಿದ್ದವನು ಯಾರು? ಏಳಹೋದವನ ಕೈಗೆ ಗೂಟದಿಂದ ಇಳಿಬಿದ್ದ ಅರ್ಧ ಹೊಸೆದ ಹಗ್ಗ ತಾಗಿತು. ತಾಯಿ ಕೆಲಸದ ನಡುವೆಯೇ ಎದ್ದುಹೋಗಿದ್ದಳು, ಪುರಿ ಇನ್ನೂ ಪೂರ್ತಿ ಕೂಡಿರಲಿಲ್ಲ. ಬಿಚ್ಚಿಹೋಗದಿರಲಿ ಎಂದು ಅದನ್ನು ಹಿಡಿದು ಎರಡು ಅಂಗೈಗಳ ನಡುವೆ ಹೊಸೆದ. ಬಲಗೈ ಮುಂದೆ ಹೋದಾಗ ಎಳೆಗಳು ಬಿಚ್ಚಿಕೊಂಡವು. ಇನ್ನೊಮ್ಮೆ ಹೊಸೆದ, ಇನ್ನೂ ಬಿಚ್ಚಿಕೊಂಡವು. ಹುಟ್ಟಿದಾಗಿನಿಂದ ಅವನು ಹಿಡಿದದ್ದು ಇನ್ನೊಂದು ತುದಿಯನ್ನು, ಈ ತುದಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಎಡಗೈಯನ್ನು ಮುಂದಕ್ಕೆ ತಳ್ಳಿದ. ಪುರಿ ಕೂಡಿತು, ಬಿಗಿಯಿತು, ಅವಳ ಹಗ್ಗವೇ ಆಯಿತು. ಊರಿನ ಮನೆಮನೆಯ ಬಾವಿಗೆ, ದನಕ್ಕೆ, ತೊಟ್ಟಿಲಿಗೆ ಅದೇ ಎಡಮುರಿ ಹಗ್ಗ, ನಲವತ್ತು ವರ್ಷದಿಂದ. ಹೊಸೆಯುವವಳ ಎರಡು ಕೈಯೂ ಓಡುತ್ತಿರುತ್ತವೆ, ಯಾವುದು ಮುಂದೆ ಎಂದು ಯಾರೂ ನೋಡಿರಲಿಲ್ಲ. ಬಲಗೈಯಲ್ಲಿ ಉಂಡು ಬಲಗೈಯಲ್ಲೇ ಬಡಿಸಿದವಳ ಎಡ ಮಣಿಕಟ್ಟಿಗೆ ಅವಳಮ್ಮ ಬರೆ ಇಟ್ಟದ್ದು ಯಾವ ತಪ್ಪಿಗೆ ಎಂದಾಗಲಿ, ಗಂಡುಮಕ್ಕಳಿಲ್ಲದ ಅಜ್ಜನ ವಿದ್ಯೆ ಯಾವ ಕೈಗೆ ಹೋಗಿತ್ತು ಎಂದಾಗಲಿ ಅವನು ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಗ್ಗದ ತುದಿಯನ್ನು ಬಿಚ್ಚಿಹೋಗದಂತೆ ಗೂಟಕ್ಕೆ ಗಂಟು ಹಾಕಿದ. ಮುಚ್ಚಿಟ್ಟ ತಟ್ಟೆಯನ್ನು ತೆರೆಯಲಿಲ್ಲ. ಬಾಗಿಲನ್ನು ಹಾಗೇ ಬಿಟ್ಟು ಗುಂಡಿಯ ಕಡೆಗೆ ಮೊದಲು ನಡೆದ, ಆಮೇಲೆ ಓಡಿದ. ಆ ಮನೆಗೆ ಅವನು ಮತ್ತೆ ಬರಲಿಲ್ಲ.